ಹೇಳಿಕೆ ಬೇರೆ, ಒಪ್ಪಿಗೆ ಬೇರೆ: ಪಾರಂಪರಿಕ ಜ್ಞಾನದ ಜಾಗತಿಕ ಒಪ್ಪಂದ ಎಲ್ಲಿಯವರೆಗೆ ಕಾಪಾಡುತ್ತದೆ?

ಪೇಟೆಂಟ್ ಅರ್ಜಿಗೆ ಒಂದು ಅಂಕಣ ಸೇರಿಸಲು ಜಗತ್ತಿಗೆ 25 ವರ್ಷ ಹಿಡಿಯಿತು. ಗಿಡಮೂಲಿಕೆಯಿಂದಲೋ ಸೂಕ್ಷ್ಮಜೀವಿಯಿಂದಲೋ ಹುಟ್ಟಿದ ಆವಿಷ್ಕಾರಕ್ಕೆ ಪೇಟೆಂಟ್ ಕೇಳುವವರು ಆ ಸಂಪನ್ಮೂಲ ಎಲ್ಲಿಂದ ಬಂತೆಂದು ಲೆಕ್ಕ ಕೊಡಬೇಕು ಎಂಬ ದಿಕ್ಕಿನ ಪ್ರಸ್ತಾವವನ್ನು ಕೊಲಂಬಿಯಾ 1999ರಲ್ಲಿ ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದಿಟ್ಟಿತು. ವೈಪೊ ಎಂದೇ ಹೆಚ್ಚು ಪರಿಚಿತವಾದ ಈ ಸಂಸ್ಥೆ 2000ದಲ್ಲಿ ಇದಕ್ಕೆಂದೇ ಅಂತರ್‌ಸರ್ಕಾರಿ ಸಮಿತಿಯೊಂದನ್ನು ರಚಿಸಿತು. 2001ರಿಂದ ಸಮಿತಿ ಸೇರುತ್ತಲೇ ಹೋಯಿತು, ಕರಡುಗಳು ದಪ್ಪವಾಗುತ್ತಲೇ ಹೋದವು, ಒಮ್ಮತ ಮಾತ್ರ ಬರಲಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾದ ಇಯಾನ್ ಗಾಸ್ 2019ರಲ್ಲಿ ತಾವೇ ಒಂದು ಪಠ್ಯ ಬರೆದು ಮುಂದಿಟ್ಟರು. ಅದನ್ನೇ ಆಧಾರವಾಗಿಟ್ಟುಕೊಂಡು 2024ರ ಮೇ 13ರಿಂದ ನಡೆದ ರಾಜತಾಂತ್ರಿಕ ಸಮ್ಮೇಳನವು ಮೇ 24ರಂದು ಒಪ್ಪಂದವನ್ನು ಅಂಗೀಕರಿಸಿತು. ಬೌದ್ಧಿಕ ಆಸ್ತಿ, ಆನುವಂಶಿಕ ಸಂಪನ್ಮೂಲ (ಗಿಡ, ಪ್ರಾಣಿ, ಸೂಕ್ಷ್ಮಜೀವಿಗಳಂಥ ಜೀವವಸ್ತು) ಮತ್ತು ಅದಕ್ಕೆ ಹೊಂದಿಕೊಂಡ ಪಾರಂಪರಿಕ ಜ್ಞಾನ ಈ ಮೂರನ್ನೂ ಒಟ್ಟಿಗೆ ಹಿಡಿದ ವೈಪೊದ ಮೊದಲ ಒಪ್ಪಂದ ಇದು. ಮೂಲನಿವಾಸಿಗಳನ್ನೂ ಸ್ಥಳೀಯ ಸಮುದಾಯಗಳನ್ನೂ ಹೆಸರಿಸಿ ಅವರಿಗೆ ಸಂಬಂಧಪಟ್ಟ ವಿಧಿಗಳನ್ನು ಬರೆದದ್ದೂ ಇದೇ ಮೊದಲು.

ಹಾಗೆಂದು ಇದನ್ನು 'ಜ್ಞಾನ ರಕ್ಷಣೆಯ ಕಾನೂನು' ಎಂದು ಕರೆದರೆ ತಪ್ಪಾಗುತ್ತದೆ. 22 ವಿಧಿಗಳ ಈ ಪುಟ್ಟ ಪಠ್ಯವನ್ನು ಸಾವಧಾನವಾಗಿ ಓದಿದರೆ ಅದು ಅರ್ಜಿದಾರನಿಂದ ಕೇಳುವುದು ಒಂದು ಹೇಳಿಕೆಯನ್ನು: ಎಲ್ಲಿಂದ ತಂದೆ, ಯಾರಿಂದ ತಿಳಿದೆ. ಅವರ ಒಪ್ಪಿಗೆ ಇತ್ತೇ, ಪ್ರತಿಫಲ ಸಂದಿತೇ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆಗಳನ್ನು ಬೇರೆ ಕಾನೂನುಗಳಿಗೆ, ಅದಕ್ಕಿಂತ ಹೆಚ್ಚಾಗಿ ಬೇರೆ ಕಾಗದಗಳಿಗೆ ಬಿಟ್ಟಿದೆ.

ಅಂಕಣ ಯಾಕೆ ಬೇಕಾಯಿತು

ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಹೊಸದಾಗಿರಬೇಕು, ಆ ವಿದ್ಯೆ ಬಲ್ಲವನಿಗೆ ಸುಲಭವಾಗಿ ಹೊಳೆಯುವಂಥದ್ದು ಆಗಿರಬಾರದು, ಉದ್ಯಮಕ್ಕೆ ಬಳಕೆಯಾಗಬೇಕು. ತಲೆಮಾರುಗಳಿಂದ ಬಂದ ಜ್ಞಾನ ಮೊದಲನೆಯ ಮೆಟ್ಟಿಲಲ್ಲೇ ಎಡವುತ್ತದೆ. ಅದು ಹೊಸದಲ್ಲ, ಅದಕ್ಕೆ ಒಬ್ಬ ಸಂಶೋಧಕನ ಹೆಸರಿಲ್ಲ, ದಿನಾಂಕವಿಲ್ಲ. ಹಾಗಾಗಿ ಸಮುದಾಯ ತನ್ನದೇ ಜ್ಞಾನಕ್ಕೆ ಪೇಟೆಂಟ್ ಪಡೆಯಲಾರದು. ಹೊಸದಲ್ಲ ಎನ್ನುವ ಇದೇ ಕಾರಣಕ್ಕೆ ಹೊರಗಿನವರಿಗೂ ಅದು ಸಿಗಬಾರದಷ್ಟೆ. ಆದರೆ ಸಿಕ್ಕಿತು, ಹಲವು ಸಲ.

ಅಮೆರಿಕದ ಹಳೆಯ ಪೇಟೆಂಟ್ ಕಾನೂನು ಇದಕ್ಕೆ ನೇರ ದಾರಿ ಮಾಡಿಕೊಟ್ಟಿತ್ತು. ಹೊರದೇಶದಲ್ಲಿ ಜನ ಬಳಸುತ್ತಿದ್ದ ವಿದ್ಯೆ ಮುದ್ರಿತ ರೂಪದಲ್ಲಿ ಇಲ್ಲದಿದ್ದರೆ ಅದು 'ಮೊದಲೇ ತಿಳಿದಿದ್ದದ್ದು' ಎನ್ನಿಸಿಕೊಳ್ಳುತ್ತಿರಲಿಲ್ಲ. ಇಡೀ ಊರೇ ಬಳಸಿದರೂ ಕಾಗದದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. 2013ರ ಮಾರ್ಚ್ 16ರಿಂದ ಜಾರಿಗೆ ಬಂದ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. ಅಲ್ಲಿಯವರೆಗೆ ಮಾಡಿದ ಹೋರಾಟಗಳೆಲ್ಲ ಮುದ್ರಿತ ಪುಟ ಹುಡುಕುವ ಹೋರಾಟಗಳೇ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಪಡೆದ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ 1996ರಲ್ಲಿ ಪ್ರಶ್ನಿಸಿ ಮರುವರ್ಷ ಗೆದ್ದದ್ದು ಅಜ್ಜಿಯರ ಸಾಕ್ಷ್ಯದಿಂದಲ್ಲ. ಸಂಸ್ಕೃತದ ಹಳೆಯ ಪಠ್ಯ ಮತ್ತು 1953ರ ವೈದ್ಯಕೀಯ ಪತ್ರಿಕೆಯ ಲೇಖನದಂಥ ದಾಖಲೆಗಳಿಂದ.

ಅಮೆಜಾನ್ ಕಾಡಿನ ಅಯಾವಾಸ್ಕಾ ಬಳ್ಳಿಯ ಪ್ರಕರಣ ಇನ್ನೂ ಕಣ್ಣು ತೆರೆಸುವಂಥದ್ದು. 1986ರಲ್ಲಿ ಅಮೆರಿಕದಲ್ಲಿ ಅದರ ಒಂದು ಬಗೆಗೆ ಸಸ್ಯ ಪೇಟೆಂಟ್ ಸಿಕ್ಕಿತು. ಅದು ತಮ್ಮ ಪವಿತ್ರ ಸಸ್ಯ ಎಂದು ಅಮೆಜಾನ್ ಜಲಾನಯನದ ಮೂಲನಿವಾಸಿ ಸಂಘಟನೆಗಳ ಒಕ್ಕೂಟ 1999ರಲ್ಲಿ ಆಕ್ಷೇಪಿಸಿತು. ಅದೇ ವರ್ಷ ಪೇಟೆಂಟ್ ತಿರಸ್ಕೃತವಾಯಿತು. ಕಾರಣ ಪಾವಿತ್ರ್ಯವಲ್ಲ, ಅಂಥದೇ ಗಿಡದ ಒಣಗಿದ ಮಾದರಿ ಹಾಳೆಗಳು ಅರ್ಜಿಗಿಂತ ಮೊದಲೇ ಅಮೆರಿಕದ ಸಸ್ಯಸಂಗ್ರಹಾಲಯದಲ್ಲಿ ಇದ್ದವು ಎಂಬುದು. ಪೇಟೆಂಟುದಾರ ಮತ್ತೆ ವಾದಿಸಿದ, 2001ರಲ್ಲಿ ಅದು ಮರಳಿ ಜೀವಪಡೆಯಿತು, 2003ರಲ್ಲಿ ಅವಧಿ ಮುಗಿದು ತಾನಾಗಿ ಸತ್ತಿತು. ಶಾಮನ್‌ಗಳ ಮಾತು ಆ ಕಡತದಲ್ಲಿ ಎಲ್ಲಿಯೂ ತೂಗಲಿಲ್ಲ.

ಯುರೋಪಿನಲ್ಲಿ ಬೇವಿನ ಶಿಲೀಂಧ್ರನಾಶಕದ ಪೇಟೆಂಟ್ 1994ರಲ್ಲಿ ಮಂಜೂರಾಗಿ 2000ದಲ್ಲಿ ರದ್ದಾಯಿತು. ಮೇಲ್ಮನವಿ ಬಿದ್ದುಹೋದದ್ದು 2005ರಲ್ಲಿ. ಮೆಕ್ಸಿಕೊದ ಹಳದಿ ಹುರುಳಿಕಾಯಿ ಬೀಜಕ್ಕೆ ಅಮೆರಿಕದಲ್ಲಿ 1999ರಲ್ಲಿ ಸಿಕ್ಕ 'ಎನೋಲಾ' ಪೇಟೆಂಟ್ ಕೊನೆಗೂ ಬಿದ್ದದ್ದು 2009ರಲ್ಲಿ, ಫೆಡರಲ್ ಮೇಲ್ಮನವಿ ನ್ಯಾಯಾಲಯದಲ್ಲಿ. ಅಷ್ಟರಲ್ಲಿ ಪೇಟೆಂಟಿನ 20 ವರ್ಷದ ಆಯಸ್ಸಿನಲ್ಲಿ ಅರ್ಧಕ್ಕೂ ಹೆಚ್ಚು ಕಳೆದಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ.

ಇನ್ನೂ ಒಂದು ತೊಡಕಿದೆ. 'ಗಾಯಕ್ಕೆ ಅರಿಶಿನ' ಎಂಬಷ್ಟು ಬೆತ್ತಲೆಯಾದ ಪೇಟೆಂಟ್ ಹಕ್ಕುಗಳನ್ನು ಈಗ ಜಾಣ ವಕೀಲರು ಬರೆಯುವುದಿಲ್ಲ. ಇಂಥ ದ್ರಾವಕದಲ್ಲಿ ಇಷ್ಟು ಉಷ್ಣತೆಯಲ್ಲಿ ತೆಗೆದ ಸಾರ, ಅದರ ಇಂಥ ಅಣು, ಇನ್ನೊಂದು ಔಷಧಿಯ ಜೊತೆ ಇಷ್ಟು ಪ್ರಮಾಣ ಎಂದು ಬರೆಯುತ್ತಾರೆ. ಹಳೆಯ ಪುಸ್ತಕ ತೋರಿಸಿ ಇದನ್ನು ಬೀಳಿಸಲು ಆಗದು, ಏಕೆಂದರೆ ಆ ಸಾರ ನಿಜಕ್ಕೂ ಹಳೆಯ ಪುಸ್ತಕದಲ್ಲಿ ಇಲ್ಲ. ಆದರೆ ಲಕ್ಷಾಂತರ ಸಸ್ಯಗಳ ನಡುವೆ ಆ ಒಂದು ಬೇರನ್ನೇ ಕೈಗೆತ್ತಿಕೊಳ್ಳಲು ದಾರಿ ತೋರಿಸಿದ್ದು ಯಾರೋ ಒಬ್ಬ ನಾಟಿವೈದ್ಯೆ. ಆವಿಷ್ಕಾರ ಹೊಸದು, ಸುಳಿವು ಹಳೆಯದು. ಈ ಸುಳಿವಿನ ಋಣ ದಾಖಲಾಗಬೇಕು ಎಂಬಲ್ಲಿಂದ ಬಹಿರಂಗ ಹೇಳಿಕೆಯ ಬೇಡಿಕೆ ಬಲಪಡೆಯಿತು.

ಒಪ್ಪಂದ ನಡೆಯುವ ಬಗೆ, ಸೋರುವ ಜಾಗ

ಮೂರನೆಯ ವಿಧಿ ಒಪ್ಪಂದದ ಜೀವ. ಆವಿಷ್ಕಾರ ಆನುವಂಶಿಕ ಸಂಪನ್ಮೂಲವನ್ನು ಆಧರಿಸಿದ್ದರೆ ಅದರ ಮೂಲ ದೇಶವನ್ನು ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ಸಿಕ್ಕಿದ ಕಡೆಯನ್ನು ಹೇಳಬೇಕು: ಸಂಶೋಧನಾ ಕೇಂದ್ರವೋ, ಜೀನ್ ಬ್ಯಾಂಕೋ, ಸಮುದಾಯವೋ. ಪಾರಂಪರಿಕ ಜ್ಞಾನವನ್ನು ಆಧರಿಸಿದ್ದರೆ ಅದನ್ನು ಕೊಟ್ಟ ಮೂಲನಿವಾಸಿ ಅಥವಾ ಸ್ಥಳೀಯ ಸಮುದಾಯದ ಹೆಸರು. ಗೊತ್ತಿಲ್ಲದಿದ್ದರೆ ಜ್ಞಾನ ಸಿಕ್ಕಿದ ಮೂಲ. ಇದಾವುದೂ ಗೊತ್ತಿಲ್ಲದಿದ್ದರೆ 'ನನಗೆ ತಿಳಿದ ಮಟ್ಟಿಗೆ ಗೊತ್ತಿಲ್ಲ, ಇದು ಸತ್ಯ' ಎಂಬ ಘೋಷಣೆ. ಪೇಟೆಂಟ್ ಕಚೇರಿ ಮಾರ್ಗದರ್ಶನ ಕೊಡಬೇಕು, ತಪ್ಪಿದ್ದರೆ ತಿದ್ದಲು ಅವಕಾಶ ಕೊಡಬೇಕು. ಹೇಳಿದ್ದು ನಿಜವೇ ಎಂದು ಪರಿಶೀಲಿಸುವ ಹೊಣೆ ಮಾತ್ರ ಕಚೇರಿಯ ಮೇಲಿಲ್ಲ.

ಸೋರಿಕೆಯ ಮೊದಲ ಜಾಗ 'ಆಧರಿಸಿದ' ಎಂಬ ಪದವೇ. ಒಪ್ಪಂದದ ವ್ಯಾಖ್ಯೆಯಂತೆ ಸಂಪನ್ಮೂಲ ಅಥವಾ ಜ್ಞಾನ ಆ ಆವಿಷ್ಕಾರಕ್ಕೆ ಅಗತ್ಯವೇ ಆಗಿದ್ದಿರಬೇಕು, ಜೊತೆಗೆ ಆವಿಷ್ಕಾರ ಅದರ ನಿರ್ದಿಷ್ಟ ಗುಣಗಳನ್ನೇ ಅವಲಂಬಿಸಿರಬೇಕು. ಪ್ರಯೋಗಾಲಯದಲ್ಲಿ ಬರೀ ಉಪಕರಣವಾಗಿ ಬಳಸಿದ ಜೀವಕೋಶಕ್ಕೆಲ್ಲ ಹೇಳಿಕೆ ಬೇಡ ಎಂಬುದು ಇದರ ನ್ಯಾಯವಾದ ಉದ್ದೇಶ. ಆದರೆ ಒಂದು ಸನ್ನಿವೇಶ ನೋಡಿ. ಊತ ಇಳಿಸುವ ಒಂದು ಗಿಡದ ಬೇರನ್ನು ಸಮುದಾಯ ತೋರಿಸಿತು. ಪ್ರಯೋಗಾಲಯ ಅದರ ಅಣುವನ್ನು ಬೇರ್ಪಡಿಸಿತು, ರಚನೆ ಕಂಡುಕೊಂಡಿತು, ಒಂದು ಕೊಂಡಿ ಬದಲಾಯಿಸಿ ಕೃತಕವಾಗಿ ತಯಾರಿಸಿತು. ಪೇಟೆಂಟ್ ಕೇಳಿದ್ದು ಕೃತಕ ಅಣುವಿಗೆ. ಅದು ಬೇರಿನ ಗುಣವನ್ನು ಅವಲಂಬಿಸಿದೆಯೇ? ಇಲ್ಲ ಎಂದೇ ಅರ್ಜಿದಾರ ವಾದಿಸುತ್ತಾನೆ. ಬೇರಿನ ಬದಲು ಅದರ ಡಿಎನ್ಎ ಅನುಕ್ರಮವನ್ನು ದತ್ತಾಂಶ ಕೋಶದಿಂದ ಇಳಿಸಿಕೊಂಡಿದ್ದರಂತೂ ವಾದ ಇನ್ನೂ ಸುಲಭ. ಇಂಥ ಡಿಜಿಟಲ್ ಅನುಕ್ರಮದ ಬಗ್ಗೆ ಒಪ್ಪಂದ ಬಾಯಿ ಬಿಟ್ಟಿಲ್ಲ. ಜಾರಿಗೆ ಬಂದ ನಾಲ್ಕು ವರ್ಷಗಳ ನಂತರ ವ್ಯಾಪ್ತಿಯನ್ನು ಮರುಪರಿಶೀಲಿಸುವ ಮಾತು ಎಂಟನೆಯ ವಿಧಿಯಲ್ಲಿದೆ.

ಎರಡನೆಯದು ಶಿಕ್ಷೆ. ಹೇಳಿಕೆ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಮಂಜೂರಾದ ಪೇಟೆಂಟನ್ನು ರದ್ದು ಮಾಡುವಂತಿಲ್ಲ, ನಿಷ್ಪ್ರಯೋಜಕಗೊಳಿಸುವಂತಿಲ್ಲ ಎಂದು ಐದನೆಯ ವಿಧಿ ಹೇಳುತ್ತದೆ. ವಂಚನೆಯ ಉದ್ದೇಶ ಇತ್ತೆಂದರೆ ಮಾತ್ರ ದೇಶಗಳು ತಮ್ಮ ಕಾನೂನಿನಂತೆ ಮುಂದುವರಿಯಬಹುದು. ಉದ್ದೇಶವನ್ನು ಸಾಬೀತು ಮಾಡಬೇಕಾದವರು ಯಾರು? ಸಾಮಾನ್ಯವಾಗಿ ದೂರು ಕೊಟ್ಟವರೇ. ಅರ್ಜಿದಾರನ ಪ್ರಯೋಗಾಲಯದ ಟಿಪ್ಪಣಿ ಪುಸ್ತಕ ಕಾಡಿನಂಚಿನ ಸಮುದಾಯದ ಕೈಗೆ ಸಿಗುವುದಿಲ್ಲ.

ಕೆಲವು ಪ್ರದೇಶಗಳಿಗೆ ಇದು ಮುಂದಿನ ಹೆಜ್ಜೆಯಲ್ಲ, ಹಿಂದಿನದು. ಹೇಳಿಕೆಯ ನಿಯಮ ಮೊದಲೇ ಇದ್ದ ದೇಶಗಳು 30ಕ್ಕೂ ಹೆಚ್ಚು. ಬೊಲಿವಿಯಾ, ಕೊಲಂಬಿಯಾ, ಈಕ್ವೆಡಾರ್, ಪೆರು ಒಟ್ಟಾಗಿ ಪಾಲಿಸುವ ಆಂಡಿಯನ್ ಸಮುದಾಯದ 2000ದ 486ನೇ ನಿರ್ಣಯ ಬರೀ ಹೇಳಿಕೆ ಕೇಳುವುದಿಲ್ಲ. ಸಂಪನ್ಮೂಲ ಪಡೆದ ಕರಾರಿನ ಪ್ರತಿ, ಜ್ಞಾನ ಬಳಸಲು ಸಮುದಾಯ ಕೊಟ್ಟ ಪರವಾನಗಿಯ ಪ್ರತಿ ಇಡಬೇಕು, ಇಲ್ಲವಾದರೆ ಪೇಟೆಂಟ್ ಅನೂರ್ಜಿತ. ಭಾರತದ ಪೇಟೆಂಟ್ ಕಾಯ್ದೆಯ 64ನೇ ಸೆಕ್ಷನ್ ಕೂಡ ಜೈವಿಕ ವಸ್ತುವಿನ ಮೂಲ ಹೇಳದಿದ್ದರೆ ಅಥವಾ ತಪ್ಪಾಗಿ ಹೇಳಿದರೆ ಅದನ್ನೇ ರದ್ದತಿಗೆ ಕಾರಣವೆಂದು ಒಪ್ಪುತ್ತದೆ. ಈ ದೇಶಗಳು ಒಪ್ಪಂದಕ್ಕೆ ಸೇರುವಾಗ ತಮ್ಮ ಹಲ್ಲನ್ನು ತಾವೇ ಕಿತ್ತುಕೊಳ್ಳಬೇಕಾಗುತ್ತದೆಯೇ ಎಂಬುದು ಗಂಭೀರ ಪ್ರಶ್ನೆ. ನನ್ನ ಓದಿನಲ್ಲಿ, ಒಪ್ಪಂದದ ಅತಿ ದುರ್ಬಲ ಕೀಲು ಇದೇ.

15 ದೇಶಗಳು ಅನುಮೋದಿಸಿದ ಮೂರು ತಿಂಗಳಿಗೆ ಒಪ್ಪಂದ ಜಾರಿಗೆ ಬರುತ್ತದೆ. ಮೊದಲು ಅನುಮೋದಿಸಿದ್ದು ಆಫ್ರಿಕಾದ ಮಲಾವಿ. ಒಂದು ದೇಶ ಸೇರುವುದಕ್ಕೆ ಮೊದಲೇ ಅಲ್ಲಿ ಸಲ್ಲಿಕೆಯಾದ ಅರ್ಜಿಗಳಿಗೆ ನಿಯಮ ಅನ್ವಯಿಸದು. ಗೀತೆ, ನೇಯ್ಗೆ, ಚಿತ್ರ ಇದರ ವ್ಯಾಪ್ತಿಗೇ ಬರುವುದಿಲ್ಲ. ಅವುಗಳ ಮಾತುಕತೆ ವೈಪೊ ಸಮಿತಿಯಲ್ಲಿ ಬೇರೆಯಾಗಿಯೇ ತೆವಳುತ್ತಿದೆ.

ಬರೆದಿಟ್ಟರೂ ಕಷ್ಟ, ಬರೆಯದಿದ್ದರೂ ಕಷ್ಟ

ಪರೀಕ್ಷಕನ ಕಣ್ಣಿಗೆ ಬೀಳದ ಜ್ಞಾನ ಪೇಟೆಂಟನ್ನು ತಡೆಯಲಾರದು. ಆದ್ದರಿಂದ ಬರೆದಿಡಿ, ದತ್ತಾಂಶ ಕೋಶ ಕಟ್ಟಿ ಎಂಬುದು ಸಾಮಾನ್ಯ ಸಲಹೆ. ಆದರೆ ಸಾರ್ವಜನಿಕವಾಗಿ ಬರೆದಿಟ್ಟ ಕ್ಷಣದಿಂದ ಅದು ಎಲ್ಲರ ಸ್ವತ್ತು. ಯಾವ ಗಿಡ ಯಾವ ರೋಗಕ್ಕೆ ಎಂಬ ಸಿದ್ಧ ಪಟ್ಟಿ ಕಂಪನಿಗಳಿಗೆ ಪುಕ್ಕಟೆ ಸಿಕ್ಕಂತೆ. ಅತ್ತ ದರಿ, ಇತ್ತ ಪುಲಿ.

ಭಾರತ 2001ರಲ್ಲಿ ಶುರುಮಾಡಿದ ಪಾರಂಪರಿಕ ಜ್ಞಾನ ಡಿಜಿಟಲ್ ಗ್ರಂಥಾಲಯ ಒಂದು ದಾರಿ ತೋರಿಸಿತು. ಆಯುರ್ವೇದ, ಯುನಾನಿ, ಸಿದ್ಧ ಮೊದಲಾದ ಗ್ರಂಥಗಳಲ್ಲಿನ ಔಷಧಿ ತಯಾರಿಕೆಯ ಸೂತ್ರಗಳನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಸಿದ್ಧಪಡಿಸಿ ಪೇಟೆಂಟ್ ಕಚೇರಿಗಳಿಗೆ ಮಾತ್ರ, ಗೋಪ್ಯತೆಯ ಕರಾರಿನ ಮೇಲೆ ತೆರೆದಿಟ್ಟಿತು. ಯುರೋಪಿಯನ್ ಪೇಟೆಂಟ್ ಕಚೇರಿಯೊಡನೆ ಕರಾರಾದದ್ದು 2009ರಲ್ಲಿ. ಇದು ಕೆಲಸ ಮಾಡಿತು, ಏಕೆಂದರೆ ಆ ಗ್ರಂಥಗಳು ಹೇಗೂ ಮೊದಲೇ ಪ್ರಕಟವಾಗಿದ್ದವು. ಕಳೆದುಕೊಳ್ಳಲು ಗುಟ್ಟೇನೂ ಉಳಿದಿರಲಿಲ್ಲ. ಬಾಯಿಂದ ಬಾಯಿಗೆ ಬಂದ ಜ್ಞಾನಕ್ಕೆ ಇದೇ ಅಚ್ಚನ್ನು ಬಳಸುವುದು ಅಪಾಯ.

ಅದಕ್ಕೆ ಹೆಚ್ಚು ಹೊಂದುವುದು ಪೆರುವಿನ ಮಾದರಿ. 2002ರ 27811ನೇ ಕಾನೂನು ಮೂರು ದಾಖಲಾತಿ ಪುಸ್ತಕಗಳನ್ನು ಇಟ್ಟಿತು. ಈಗಾಗಲೇ ಬಯಲಾದ ಜ್ಞಾನಕ್ಕೆ ರಾಷ್ಟ್ರೀಯ ಸಾರ್ವಜನಿಕ ಪುಸ್ತಕ, ಬಯಲಾಗದ್ದಕ್ಕೆ ಮೂರನೆಯವರು ನೋಡಲಾಗದ ರಾಷ್ಟ್ರೀಯ ಗೋಪ್ಯ ಪುಸ್ತಕ, ಸಮುದಾಯ ತನ್ನದೇ ಪದ್ಧತಿಯಂತೆ ಇಟ್ಟುಕೊಳ್ಳುವ ಸ್ಥಳೀಯ ಪುಸ್ತಕ. ಬಯಲಾದ ಜ್ಞಾನ ಯಾರದ್ದೂ ಅಲ್ಲ ಎಂದೂ ಈ ಕಾನೂನು ಕೈಚೆಲ್ಲಲಿಲ್ಲ. ಅಂಥ ಜ್ಞಾನದಿಂದ ತಯಾರಾದ ಸರಕಿನ ಮಾರಾಟದಿಂದಲೂ ಮೂಲನಿವಾಸಿಗಳ ಅಭಿವೃದ್ಧಿ ನಿಧಿಗೆ ಪಾಲು ಬರಬೇಕೆಂದು ಬರೆಯಿತು.

ಶೇಕಡಾ ಎಷ್ಟು ಅಲ್ಲ, ಯಾವುದರ ಶೇಕಡಾ

ಲಾಭ ಹಂಚಿಕೆಯ ಸುದ್ದಿಯಲ್ಲಿ ಕಣ್ಣು ಮೊದಲು ಓಡುವುದು ಶೇಕಡಾವಾರಿನ ಕಡೆಗೆ. ಅಲ್ಲೇ ಮೋಸ ಹೋಗುವುದು.

ದಕ್ಷಿಣ ಆಫ್ರಿಕಾದ ಸ್ಯಾನ್ ಜನ ಬೇಟೆಗೆ ಹೊರಟಾಗ ಹಸಿವು, ಬಾಯಾರಿಕೆ ತಡೆಯಲು ಹೂಡಿಯಾ ಎಂಬ ಮುಳ್ಳುಗಿಡದ ಕಾಂಡ ಜಗಿಯುತ್ತಿದ್ದರು. ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿ ಹಸಿವು ಅಡಗಿಸುವ ಅದರ ಅಂಶಕ್ಕೆ 1990ರ ದಶಕದಲ್ಲಿ ಪೇಟೆಂಟ್ ಹಾಕಿ ಬ್ರಿಟನ್ನಿನ ಫೈಟೊಫಾರ್ಮ್‌ಗೆ ಪರವಾನಗಿ ಕೊಟ್ಟಿತು. ಅಲ್ಲಿಂದ ಅದು ಫೈಜರ್‌ಗೆ ಹೋಯಿತು. ಸ್ಯಾನ್ ಜನರನ್ನು ಯಾರೂ ಕೇಳಿರಲಿಲ್ಲ. ಗಲಾಟೆಯಾದ ಮೇಲೆ 2003ರ ಮಾರ್ಚ್‌ನಲ್ಲಿ ಕರಾರಾಯಿತು: ಸಂಶೋಧನಾ ಮಂಡಳಿಗೆ ಬರುವ ಹಂತ ಪಾವತಿಗಳಲ್ಲಿ (ಸಂಶೋಧನೆ ಒಂದೊಂದು ಹಂತ ದಾಟಿದಾಗ ಸಿಗುವ ಹಣ) ಶೇ 8, ರಾಯಧನದಲ್ಲಿ ಶೇ 6.

ಕೇಳಲು ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. ಸರಕು 100 ಡಾಲರ್‌ಗೆ ಮಾರಾಟವಾಗಿ, ಪರವಾನಗಿಯ ಸರಪಳಿ ದಾಟಿ ಮಂಡಳಿಯ ಕೈಗೆ 5 ಡಾಲರ್ ಬಂತೆಂದು ಊಹಿಸಿಕೊಳ್ಳೋಣ. ಅದರ ಶೇ 6 ಎಂದರೆ 30 ಸೆಂಟ್. ಅದೂ ಸರಕು ಮಾರುಕಟ್ಟೆಗೆ ಬಂದರೆ. ಬರಲಿಲ್ಲ. ಫೈಜರ್ 2003ರಲ್ಲೇ ಕೈಬಿಟ್ಟಿತು. ಆಮೇಲೆ ಬಂದ ಯೂನಿಲಿವರ್ ಸುರಕ್ಷತೆ ಮತ್ತು ಪರಿಣಾಮದ ಕಾರಣ ಕೊಟ್ಟು 2008ರಲ್ಲಿ ನಿಲ್ಲಿಸಿತು. ಅದೇ ಹೊತ್ತಿಗೆ ಪೇಟೆಂಟಿನ ಗೊಡವೆಯೇ ಇಲ್ಲದೆ ಒಣ ಹೂಡಿಯಾ ಪುಡಿಯನ್ನು ಮಾರುವವರ ಸಂತೆ ನಡೆದಿತ್ತು. ಸಂಶೋಧನಾ ಮಂಡಳಿಯೊಡನೆ ಮಾಡಿಕೊಂಡ ಕರಾರು ಅವರನ್ನು ಮುಟ್ಟುವಂತಿರಲಿಲ್ಲ. ಶೇ 6 ಎನ್ನುವುದು ಮೂಗಿಗೆ ಸವರಿದ ತುಪ್ಪವಾಯಿತು.

ಇದೇ ಸ್ಯಾನ್ ಜನ, ಖೋಯ್ ಜನರೊಡನೆ ಸೇರಿ, ರೂಯಿಬೋಸ್ ಚಹಾದ ವಿಷಯದಲ್ಲಿ ಬೇರೆ ಪಟ್ಟು ಹಿಡಿದರು. ಸುಮಾರು ಒಂಬತ್ತು ವರ್ಷದ ಮಾತುಕತೆಯ ನಂತರ 2019ರ ನವೆಂಬರ್‌ನಲ್ಲಿ ಆದ ಕರಾರಿನಲ್ಲಿ ಪೇಟೆಂಟಿನ ಮಾತೇ ಮುಖ್ಯವಲ್ಲ. ತೋಟದ ಬಾಗಿಲಲ್ಲಿ ಕಚ್ಚಾ ಚಹಾಕ್ಕೆ ಸಿಗುವ ಬೆಲೆಯ ಮೇಲೆ ಶೇ 1.5, ಇಡೀ ಉದ್ಯಮದಿಂದ. ಅಂಕಿ ಚಿಕ್ಕದು. ಆದರೆ ಪ್ರತಿ ವರ್ಷ ಬರುವ ಬೆಳೆಯ ಮೇಲೆ, ಸುಲಭವಾಗಿ ಎಣಿಸಬಹುದಾದ ಜಾಗದಲ್ಲಿ ಅದು ಬಿದ್ದಿದೆ. 'ನಿವ್ವಳ ಲಾಭ'ದ ಪಾಲು ಬರೆಸಿಕೊಂಡಿದ್ದರೆ ಲೆಕ್ಕಪರಿಶೋಧಕರ ಜೊತೆಯೇ ಜೀವನ ಸವೆಯುತ್ತಿತ್ತು.

ಕೇರಳದ ಕಾಣಿ ಆದಿವಾಸಿಗಳ ಆರೋಗ್ಯಪಚ್ಚ ಗಿಡದ ಪ್ರಕರಣ ಮೂರನೆಯ ಬಗೆಯ ಪಾಠ. ಅದರಿಂದ ತಯಾರಾದ 'ಜೀವನಿ' ಎಂಬ ಔಷಧಿಯ ಪರವಾನಗಿಯನ್ನು 1995ರಲ್ಲಿ 10 ಲಕ್ಷ ರೂಪಾಯಿ ಮತ್ತು ಶೇ 2 ರಾಯಧನಕ್ಕೆ ಕೊಡಲಾಯಿತು. ಅದರಲ್ಲಿ ಅರ್ಧ ಕಾಣಿಗಳಿಗೆ. ಹಣ ಪಡೆಯಲು ಬೇಕಾದ ಟ್ರಸ್ಟ್ ನೋಂದಣಿಯಾದದ್ದು ಎರಡು ವರ್ಷ ತಡವಾಗಿ, 1997ರಲ್ಲಿ. ಗಿಡದ ಗುಟ್ಟು ಹೇಳಿದವರು ಬೆರಳೆಣಿಕೆಯ ಜನ, ಸಮುದಾಯ ಹಲವು ಹಾಡಿಗಳಲ್ಲಿ ಹಂಚಿಹೋಗಿತ್ತು. ಹೇಳಿದವರ ಒಪ್ಪಿಗೆಯೇ ಎಲ್ಲರ ಒಪ್ಪಿಗೆಯೇ ಎಂಬ ತಕರಾರು ಎದ್ದಿತು. ಗಿಡ ಬೆಳೆಯುವುದು ಕಾಡಿನಲ್ಲಿ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸೊಪ್ಪು ಮಾರುವಂತಿರಲಿಲ್ಲ. ಬೌದ್ಧಿಕ ಆಸ್ತಿಯ ಕರಾರು ಎಷ್ಟು ಚೆನ್ನಾಗಿದ್ದರೂ ನೆಲದ ಹಕ್ಕು ಇಲ್ಲದಿದ್ದರೆ ಕಚ್ಚಾವಸ್ತುವೇ ಕೈಗೆಟುಕದು.

ಡಿಜಿಟಲ್ ಅನುಕ್ರಮದ ಕಡೆಗೆ ಜೀವವೈವಿಧ್ಯ ಒಡಂಬಡಿಕೆ ಬೇರೆ ದಾರಿ ಹಿಡಿದಿದೆ. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ತೀರ್ಮಾನವಾಗಿ 2025ರ ಫೆಬ್ರುವರಿಯಲ್ಲಿ ಶುರುವಾದ ಕಾಲಿ ನಿಧಿಗೆ, ಇಂಥ ದತ್ತಾಂಶದಿಂದ ಗಳಿಸುವ ದೊಡ್ಡ ಔಷಧಿ, ಸೌಂದರ್ಯವರ್ಧಕ, ಬೀಜ ಮೊದಲಾದ ಕಂಪನಿಗಳು ಲಾಭದ ಶೇ 1 ಅಥವಾ ಆದಾಯದ ಶೇ 0.1 ಕೊಡಬೇಕೆಂಬ ಸೂಚಕ ದರವಿದೆ. ಕನಿಷ್ಠ ಅರ್ಧ ಹಣ ಮೂಲನಿವಾಸಿ ಮತ್ತು ಸ್ಥಳೀಯ ಸಮುದಾಯಗಳ ಅಗತ್ಯಗಳಿಗೆ ಹೋಗಬೇಕು. ಯಾವ ಗಿಡ, ಯಾವ ಸಮುದಾಯ ಎಂದು ಬೆನ್ನು ಹತ್ತುವ ಗೋಜಿಲ್ಲ. ಕೊಡದವರನ್ನು ಹಿಡಿಯುವ ಕೊಕ್ಕೆಯೂ ಇಲ್ಲ. ಕೊಡುವುದು ಅವರವರ ಮನಸ್ಸಿಗೆ ಬಿಟ್ಟದ್ದು.

ಹಾಡಿನ ಒಡೆಯ ಯಾರು

ಹಾಡು, ಚಿತ್ರ, ವಿನ್ಯಾಸಗಳ ಮೇಲೆ ಹಿಡಿತ ಕೊಡುವುದು ಕೃತಿಸ್ವಾಮ್ಯ. ಅದು ಕರ್ತೃವಿಗೆ ಸಲ್ಲುತ್ತದೆ, ಅವಧಿ ಮುಗಿದರೆ ಮುಗಿಯಿತು. ಧ್ವನಿಮುದ್ರಣದಲ್ಲಿ ಹಕ್ಕು ಸಾಮಾನ್ಯವಾಗಿ ಮುದ್ರಿಸಿಕೊಂಡವರದ್ದು, ಹಾಡಿದವರದ್ದಲ್ಲ. ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 1998ರ ಬುಲುನ್ ಬುಲುನ್ ಪ್ರಕರಣದಲ್ಲಿ ಈ ಗೋಡೆಗೆ ಸಣ್ಣ ಬಿರುಕು ಬಿಡಿಸಿತು. ಗನಲ್ಬಿಂಗು ಕುಲದ ಪವಿತ್ರ ವಿಷಯವನ್ನು ಚಿತ್ರಿಸಿದ ಕಲಾವಿದ ತನ್ನ ಕೃತಿಸ್ವಾಮ್ಯವನ್ನು ಕುಲದ ಹಿತಕ್ಕೆ ವಿರುದ್ಧವಾಗಿ ಬಳಸುವಂತಿಲ್ಲ, ಅವನಿಗೆ ಕುಲದ ಕಡೆಗೆ ನಂಬಿಕೆಯ ಹೊಣೆ ಇದೆ ಎಂದಿತು. ಕುಲವೇ ಕೃತಿಯ ಒಡೆಯ ಎಂದು ಮಾತ್ರ ಹೇಳಲಿಲ್ಲ.

ನ್ಯೂಜಿಲೆಂಡ್ 2014ರಲ್ಲಿ ಮಾವೊರಿ ಜನರ ಹಾಡು-ಕುಣಿತವಾದ 'ಕಾ ಮಾಟೆ' ಹಾಕಾಕ್ಕೆಂದೇ ಕಾಯ್ದೆ ಮಾಡಿತು. ವಾಣಿಜ್ಯ ಪ್ರಕಟಣೆಯಲ್ಲಿ, ಪ್ರಸಾರದಲ್ಲಿ ಅದನ್ನು ಬಳಸುವವರು ರಚಿಸಿದವನು ನ್ಗಾಟಿ ಟೋವಾ ಬುಡಕಟ್ಟಿನ ಮುಖ್ಯಸ್ಥ ಟೆ ರೌಪರಾಹಾ ಎಂದು ಹೇಳಬೇಕು. ಹೇಳಿದರೆ ಸಾಕು; ಅನುಮತಿ ಬೇಡ, ಹಣ ಬೇಡ. ಜಿನೀವಾ ಒಪ್ಪಂದದ ತರ್ಕವೇ ಇಲ್ಲೂ. 2024ರ ನವೆಂಬರ್‌ನಲ್ಲಿ ರಿಯಾದ್‌ನಲ್ಲಿ ಅಂಗೀಕಾರವಾದ ವಿನ್ಯಾಸ ಕಾನೂನು ಒಪ್ಪಂದ ಇನ್ನೂ ಮೃದು: ವಿನ್ಯಾಸ ನೋಂದಾಯಿಸುವವರಿಂದ ಪಾರಂಪರಿಕ ಮೂಲದ ಹೇಳಿಕೆಯನ್ನು ದೇಶಗಳು ಕೇಳಬಹುದು, ಕೇಳಲೇಬೇಕೆಂದಿಲ್ಲ.

ಕಾನೂನು ಕೈಕೊಟ್ಟ ಕಡೆ ಸಮುದಾಯಗಳು ಚೀಟಿ ಅಂಟಿಸಲು ಕಲಿತಿವೆ. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಪಸ್ಸಮಕ್ವಾಡಿ ಜನರ ಹಾಡು, ಮಾತುಗಳನ್ನು 1890ರಲ್ಲಿ ಮಾನವಶಾಸ್ತ್ರಜ್ಞ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಮೇಣದ ಸಿಲಿಂಡರ್‌ಗಳಲ್ಲಿ ಹಿಡಿದಿಟ್ಟ. ಅವು ಈಗ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆ ದಾಖಲೆಗಳ ಜೊತೆಗೇ ಈಗ ಸಮುದಾಯದ ಭಾಷೆಯಲ್ಲಿ ಚೀಟಿಗಳಿವೆ. ಒಂದರ ಅರ್ಥ 'ಇದು ಮಾರಾಟಕ್ಕಿಲ್ಲ'. ಜೇನ್ ಆಂಡರ್ಸನ್ ಮತ್ತು ಕಿಂ ಕ್ರಿಸ್ಟನ್ 2010ರಲ್ಲಿ ಕಟ್ಟಿದ ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ಈ ಪದ್ಧತಿಯನ್ನು ನಡೆಸುತ್ತದೆ. ಚೀಟಿ ಹಾಕುವ ಅಧಿಕಾರ ಸಮುದಾಯಕ್ಕೆ ಮಾತ್ರ. ಸಂಗ್ರಹಾಲಯ ಅಥವಾ ಸಂಶೋಧಕ 'ಇಲ್ಲಿ ಸಮುದಾಯದ ಹಕ್ಕಿದೆ' ಎಂಬ ಸೂಚನೆಯನ್ನಷ್ಟೇ ಹಾಕಬಹುದು. ನ್ಯಾಯಾಲಯದಲ್ಲಿ ಚೀಟಿಗೆ ಬಲವಿಲ್ಲ. ಆದರೆ ನಾಳೆ 'ನಮಗೆ ಗೊತ್ತಿರಲಿಲ್ಲ' ಎನ್ನುವವರ ಬಾಯಿಗೆ ಅದು ಬೀಗ.

ರೆಕಾರ್ಡರ್ ಒತ್ತುವ ಮೊದಲು

ಪೇಟೆಂಟ್ ಕಚೇರಿ ಒಪ್ಪಿಗೆ ಕೇಳದಿದ್ದರೆ ಒಪ್ಪಿಗೆಯ ಜಾಗ ಸಂಶೋಧಕ ಊರಿಗೆ ಬಂದ ಮೊದಲ ದಿನ. ಅಲ್ಲಿ ತಪ್ಪುವುದು ಮುಖ್ಯವಾಗಿ ಒಂದೇ ಕಡೆ: ಎಲ್ಲ ಜ್ಞಾನಕ್ಕೂ ಒಂದೇ ಒಪ್ಪಿಗೆ ಪತ್ರ. ಅನುಭವಿ ಸಮುದಾಯಗಳು ಮೊದಲೇ ಮೂರು ಗುಂಪು ಮಾಡಿಕೊಳ್ಳುತ್ತವೆ. ಯಾರಿಗೂ ಹೇಳಬಹುದಾದದ್ದು, ಷರತ್ತಿನ ಮೇಲೆ ಹೇಳುವುದು, ಹೇಳಲೇಬಾರದ್ದು. ಮೂರನೆಯ ಗುಂಪಿನದ್ದನ್ನು ಯಾವ ಕರಾರಿನ ಭರವಸೆಯ ಮೇಲೂ ರೆಕಾರ್ಡ್ ಮಾಡಲು ಬಿಡುವುದಿಲ್ಲ. ಸೋರಿದ ಗುಟ್ಟನ್ನು ಯಾವ ತೀರ್ಪೂ ಮರಳಿ ತರಲಾರದು.

ಕರಾರಿನಲ್ಲಿ ಉದ್ದೇಶವನ್ನು ಹೆಸರಿಸಿ ಬರೆಯಬೇಕು: ಪಿಎಚ್‌ಡಿ ಪ್ರಬಂಧಕ್ಕೆ ಎಂದರೆ ಅದಕ್ಕೇ. ಉದ್ದೇಶ ಬದಲಾದರೆ ಹೊಸ ಒಪ್ಪಿಗೆ. ಮಾದರಿಯನ್ನು ಅಥವಾ ದತ್ತಾಂಶವನ್ನು ಮೂರನೆಯವರಿಗೆ ದಾಟಿಸುವಾಗ ಇದೇ ಷರತ್ತುಗಳು ಅವರ ಮೇಲೂ ಬೀಳಬೇಕು. ಹೂಡಿಯಾ ಜಾರಿದ್ದು ಇಂಥ ಸರಪಳಿಯಲ್ಲೇ. 'ಮಾದರಿ' ಎನ್ನುವ ಪದದೊಳಗೆ ಅನುಕ್ರಮ ದತ್ತಾಂಶ, ಬೇರ್ಪಡಿಸಿದ ಅಣು, ಅದರ ಕೃತಕ ರೂಪಾಂತರ ಎಲ್ಲ ಸೇರಿವೆ ಎಂದು ಬಿಡಿಸಿ ಬರೆಯದಿದ್ದರೆ ವಕೀಲರು ಅವನ್ನು ಹೊರಗಿಟ್ಟೇ ಓದುತ್ತಾರೆ. ಪ್ರಕಟಣೆಗೆ ಮುಂಚೆ ಹಸ್ತಪ್ರತಿ ನೋಡಲು ಗಡುವು ಬೇಕು. ಪ್ರಬಂಧ ಒಮ್ಮೆ ವಿಶ್ವವಿದ್ಯಾಲಯದ ಜಾಲತಾಣ ಏರಿತೆಂದರೆ ಅಲ್ಲಿರುವುದೆಲ್ಲ ಸಾರ್ವಜನಿಕ. ಯುರೋಪಿನಲ್ಲಿ ಆಮೇಲೆ ಅದಕ್ಕೆ ಪೇಟೆಂಟ್ ಕೇಳುವುದೂ ಆಗದು, ಗೋಪ್ಯವೆನ್ನುವುದೂ ಆಗದು. ಪಾಲು ಬರೆಯುವಾಗ ಸಹಿ ದಿನದ ಮೊತ್ತ, ಹಂತ ಪಾವತಿ, ಮಾರಾಟದ ಪಾಲು ಮೂರನ್ನೂ ಬಿಡಿಸಿ ಬರೆದರೆ ಸರಕು ಮಾರುಕಟ್ಟೆಗೆ ಬಾರದಿದ್ದರೂ ಏನಾದರೂ ಕೈಗೆ ಬಂದಿರುತ್ತದೆ.

ಸಂಶೋಧಕರ ಕಡೆಯ ಎಡವಟ್ಟು ಬೇರೆ. ಮಾದರಿ ಸಂಗ್ರಹಿಸಿದ ದಿನ, ಜಾಗ, ಪರವಾನಗಿ ಸಂಖ್ಯೆ, ಸುಳಿವು ಕೊಟ್ಟ ಸಮುದಾಯ, ಒಪ್ಪಿಗೆಯ ಮಿತಿ ಇವು ಟಿಪ್ಪಣಿ ಪುಸ್ತಕದಲ್ಲಿ ಮಾದರಿಯ ಸಂಖ್ಯೆಯ ಪಕ್ಕದಲ್ಲೇ ಇರಬೇಕು. ಬಹುಪಾಲು ಪ್ರಯೋಗಾಲಯಗಳಲ್ಲಿ ಸಂಖ್ಯೆ ಉಳಿಯುತ್ತದೆ, ಊರಿನ ಹೆಸರು ವಿದ್ಯಾರ್ಥಿಯ ಜೊತೆ ಹೊರಟುಹೋಗುತ್ತದೆ. ಹತ್ತು ವರ್ಷದ ನಂತರ ಪೇಟೆಂಟ್ ಅರ್ಜಿ ತುಂಬುವಾಗ 'ಗೊತ್ತಿಲ್ಲ' ಎಂಬ ಘೋಷಣೆ ಸುಳ್ಳಾಗಿರುವುದಿಲ್ಲ. ಒಪ್ಪಂದಕ್ಕೆ ಅಷ್ಟು ಸಾಕು. ಸಮುದಾಯಕ್ಕೆ ಸಾಲದು.

ಕೊನೆಯದಾಗಿ ಕಾವಲು. ಪೇಟೆಂಟ್ ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತವೆ, ಹುಡುಕಲು ಹಣ ಬೇಡ. ಸಸ್ಯಮೂಲದ ಔಷಧಿಗಳು ಎ61ಕೆ 36 ಎಂಬ ಅಂತರರಾಷ್ಟ್ರೀಯ ವರ್ಗದಲ್ಲಿ ಸಿಗುತ್ತವೆ. ಹುಡುಕುವಾಗ ಒಂದೇ ಲ್ಯಾಟಿನ್ ಹೆಸರು ಸಾಲದು. ಸಸ್ಯಶಾಸ್ತ್ರಜ್ಞರು ಕೈಬಿಟ್ಟ ಹಳೆಯ ಹೆಸರುಗಳನ್ನೂ ಸ್ಥಳೀಯ ಹೆಸರಿನ ಬೇರೆ ಬೇರೆ ಕಾಗುಣಿತಗಳನ್ನೂ ಹಾಕಬೇಕು. ವೈಪೊ ಮೂಲಕ ಸಲ್ಲಿಕೆಯಾದ ಅಂತರರಾಷ್ಟ್ರೀಯ ಅರ್ಜಿಗಳ ಮೇಲೆ ಆದ್ಯತಾ ದಿನಾಂಕದಿಂದ (ಆ ಆವಿಷ್ಕಾರಕ್ಕೆ ಮೊದಲ ಅರ್ಜಿ ಹಾಕಿದ ದಿನ) 28 ತಿಂಗಳ ಒಳಗೆ ಯಾರು ಬೇಕಾದರೂ ಟಿಪ್ಪಣಿ ಸಲ್ಲಿಸಬಹುದು, ಶುಲ್ಕವಿಲ್ಲ, ಹೆಸರು ಹೇಳಬೇಕೆಂದೂ ಇಲ್ಲ. ಯುರೋಪಿನಲ್ಲಿ ಮಂಜೂರಾದ ಮೇಲೆ ಆಕ್ಷೇಪಣೆಗೆ ಒಂಬತ್ತು ತಿಂಗಳು. ಅದಕ್ಕೆ ಶುಲ್ಕವೂ ಉಂಟು, ವಕೀಲರ ಖರ್ಚೂ ಉಂಟು. ಮೊದಲನೆಯ ಬಾಗಿಲಲ್ಲಿ ಬೇಕಾದದ್ದು ಅರ್ಜಿಗಿಂತ ಹಿಂದಿನ ದಿನಾಂಕವಿರುವ ದಾಖಲೆಯ ಕೆಲವು ಪುಟ, ಮತ್ತು ಅದರ ಯಾವ ಸಾಲು ಅರ್ಜಿಯಲ್ಲಿ ಕೇಳಿದ ಯಾವ ಹಕ್ಕಿಗೆ ತಾಗುತ್ತದೆ ಎಂಬ ಚಿಕ್ಕ ವಿವರಣೆ.